ಕೆಂಪು ಮೊದಲೋ, ನೀಲಿ ಮೊದಲೋ

ಕಂಪ್ಯೂಟರಿನಲ್ಲಿ ಬಣ್ಣ ಎಡವಟ್ಟಾಗಿದೆ ಎನ್ನುವುದು ಮೊದಲು ಗೊತ್ತಾಗುವುದು ಮನುಷ್ಯರ ಮುಖದಲ್ಲಿ. ಗೋಡೆ ನೀಲಿ ಕಂಡರೆ ಹೊಸದಾಗಿ ಪೇಂಟ್ ಹೊಡೆಸಿರಬೇಕು ಅಂದುಕೊಳ್ಳುತ್ತೇವೆ. ಸೋಫಾ ನೀಲಿ ಕಂಡರೆ ಕವರ್ ಬದಲಾಯಿಸಿದ್ದಾರೆ ಅಂದುಕೊಳ್ಳುತ್ತೇವೆ. ಮದುವೆ ಫೋಟೋದಲ್ಲಿ ಬೀಗರ ಮುಖವೇ ನೀಲಿಯಾಗಿ ಕೂತರೆ ಮಾತ್ರ ಯಾವ ಸಮಜಾಯಿಷಿಯೂ ನಡೆಯುವುದಿಲ್ಲ. ನೆಂಟರ ಪೈಕಿ ಒಬ್ಬರಾದರೂ ಫೋನ್ ಮಾಡಿ ಕೇಳಿಯೇ ಕೇಳುತ್ತಾರೆ.

ನನ್ನ ಹೊಟ್ಟೆಪಾಡು ನಡೆಯುವುದು ಇಂಥ ಎಡವಟ್ಟುಗಳಿಂದ. ವಿಂಡೋಸ್‌ಗೆಂದು ಬರೆದ ಚಿತ್ರ ಬಿಡಿಸುವ, ಫೋಟೋ ತಿದ್ದುವ ಸಾಫ್ಟ್‌ವೇರನ್ನು ಮ್ಯಾಕ್‌ಗೆ, ಲಿನಕ್ಸ್‌ಗೆ, ಈಚೆಗೆ ಫೋನಿಗೂ ಒಗ್ಗಿಸುವ ಕೆಲಸ. ಆಫೀಸಿನಲ್ಲಿ ಇದಕ್ಕೆ ಪೋರ್ಟ್ ಮಾಡೋದು ಅನ್ನುತ್ತೇವೆ. ಊರಿನಲ್ಲಿ ಯಾರಾದರೂ ‘ಏನಪ್ಪಾ ಕೆಲಸ?’ ಎಂದು ಕೇಳಿದಾಗ ಪೂರಾ ವಿವರಿಸುವ ಉತ್ಸಾಹ ಈಗ ಉಳಿದಿಲ್ಲ. ‘ಬಣ್ಣ ಸರಿಮಾಡ್ತೀನಿ’ ಅಂದುಬಿಡುತ್ತೇನೆ. ‘ಹಾಗಾದ್ರೆ ದೀಪಾವಳಿ ಒಳಗೆ ನಮ್ಮನೆಗೂ ಎರಡು ಕೋಟ್ ಹೊಡೆಸಿಕೊಡು, ಲೇಬರ್ ಎಷ್ಟಾಗುತ್ತೆ?’ ಎಂದು ಸೋದರಮಾವ ವಿಚಾರಿಸಿದ್ದುಂಟು. ಅವರ ಪ್ರಶ್ನೆ ನನ್ನ ಕೆಲಸಕ್ಕಿಂತ ಖಚಿತವಾದದ್ದು. ಗೋಡೆಗೆ ಬಳಿದ ಬಣ್ಣ ಎದುರುಮನೆಯವರ ಕಿಟಕಿಯಿಂದ ನೋಡಿದರೂ ಅದೇ ಬಣ್ಣ. ನಾನು ಬಳಿಯುವ ಬಣ್ಣಕ್ಕೆ ಆ ಭಾಗ್ಯವಿಲ್ಲ.

ಕಂಪ್ಯೂಟರಿಗೆ ಬಣ್ಣ ಗೊತ್ತಿಲ್ಲ. ಒಂದೊಂದು ಚುಕ್ಕಿಗೆ, ಅಂದರೆ ಪಿಕ್ಸೆಲ್‌ಗೆ, ಮೂರು ಅಂಕಿ. ಪ್ರತಿಯೊಂದೂ 0 ಮತ್ತು 255ರ ನಡುವೆ. ಒಂದು ಕೆಂಪಿನ ಲೆಕ್ಕ, ಒಂದು ಹಸಿರಿನದು, ಒಂದು ನೀಲಿಯದು. ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಮೂರರಲ್ಲಿ ಯಾರು ಮೊದಲು ಕೂರಬೇಕು ಎನ್ನುವಾಗ ಜಗಳ ಶುರುವಾಗುತ್ತದೆ. ಕೆಂಪು, ಹಸಿರು, ನೀಲಿ ಎಂದು ಒಬ್ಬ ಬರೆದಿಟ್ಟದ್ದನ್ನು ಇನ್ನೊಬ್ಬ ನೀಲಿ, ಹಸಿರು, ಕೆಂಪು ಎಂದು ಓದಿದರೆ ನಡುವಿನ ಹಸಿರು ಇದ್ದಲ್ಲೇ ಇರುತ್ತದೆ, ಆಚೀಚೆಯವು ಅದಲುಬದಲಾಗುತ್ತವೆ. ಮನುಷ್ಯರ ಮೈಬಣ್ಣ ಯಾವ ನಾಡಿನದಾದರೂ ಅದರಲ್ಲಿ ಕೆಂಪಿನ ಅಂಕಿ ದೊಡ್ಡದು, ನೀಲಿಯದು ಚಿಕ್ಕದು. ಹಾಗಾಗಿ ಅದಲುಬದಲಾದ ಕೂಡಲೇ ಎಲ್ಲ ಜಾತಿ ಜನಾಂಗದವರೂ ಒಂದೇ ಸಮನೆ ನೀಲಿ.

2012ರ ಸುಮಾರಿಗೆ ಲಿನಕ್ಸ್ ಬಳಸುತ್ತಿದ್ದವರಲ್ಲಿ ಬಹಳ ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. ಬ್ರೌಸರಿನಲ್ಲಿ ವಿಡಿಯೋ ಹಾಕಿದರೆ ವಾರ್ತೆ ಓದುವವಳು ನೀಲಿ, ಕ್ರಿಕೆಟ್ ಅಂಪೈರು ನೀಲಿ, ಅಡುಗೆ ಹೇಳಿಕೊಡುವ ಅಜ್ಜಿಯೂ ನೀಲಿ. ಯುರೋಪು ಅಮೆರಿಕದವರು ತಮ್ಮ ಕಾರ್ಟೂನಿನ ಸ್ಮರ್ಫ್ ಎಂಬ ನೀಲಿ ಕುಳ್ಳರನ್ನು ನೆನೆಸಿಕೊಂಡು ನಕ್ಕರು. ನಮಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ನಮ್ಮ ಆಫೀಸಿನಲ್ಲಿ ಇದಕ್ಕೆ ‘ಕೃಷ್ಣ ಬಗ್’ ಎಂದು ಹೆಸರಿಟ್ಟಿದ್ದೆವು. ದೂರು ದಾಖಲಿಸುವ ಟಿಕೆಟ್ಟಿನಲ್ಲಿ ‘ಕೃಷ್ಣ ಮತ್ತೆ ಬಂದ’ ಎಂದು ಬರೆದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ದೆಹಲಿಯ ಮ್ಯಾನೇಜರ್ ಒಬ್ಬರು ಕೃಷ್ಣ ಎಂಬ ನೌಕರ ರಜೆ ಮುಗಿಸಿ ಬಂದಿದ್ದಾನೆ ಎಂದು ಬಹಳ ದಿನ ನಂಬಿದ್ದರು.

ಆದರೆ ಈ ಬಗ್ಗನ್ನು ಪರೀಕ್ಷಿಸಲು ನಿಜವಾದ ಕೃಷ್ಣನ ಚಿತ್ರ ತಂದರೆ ಕೆಲಸ ಕೆಡುತ್ತದೆ. ಕಲಬುರಗಿಯ ಎಸ್. ಎಂ. ಪಂಡಿತರಂಥವರ ಕ್ಯಾಲೆಂಡರ್ ದೇವರುಗಳನ್ನು ನೋಡಿ ಬೆಳೆದವರು ನಾವು. ಅಂಥದ್ದೊಂದು ಚಿತ್ರವನ್ನು ತಲೆಕೆಳಗಾದ ಕೋಡಿಗೆ ಒಡ್ಡಿ ನೋಡಿ: ಕೃಷ್ಣ ಗೋಧಿ ಬಣ್ಣದ ಸಾಮಾನ್ಯ ಹುಡುಗನಾಗಿ ಸುಧಾರಿಸುತ್ತಾನೆ, ಪಕ್ಕದಲ್ಲಿರುವ ಯಶೋದೆ ನೀಲಿಯಾಗುತ್ತಾಳೆ. ಪೀತಾಂಬರ ತಿಳಿನೀಲಿಗೆ ತಿರುಗುತ್ತದೆ. ಸಿಂಧೂರದ ಹನುಮಂತನನ್ನು ಹಾಕಿದರೆ ಅವನೂ ನೀಲಿ. ನೀಲಿ ದೇವರುಗಳು ನಮ್ಮಲ್ಲಿ ಧಾರಾಳವಾಗಿ ಇರುವುದರಿಂದ, ನೋಡಿದವರು ‘ಇದ್ಯಾವ ದೇವರು?’ ಎಂದು ಕೇಳುತ್ತಾರೆಯೇ ಹೊರತು ‘ಬಣ್ಣ ಯಾಕೆ ಕೆಟ್ಟಿದೆ?’ ಎಂದು ಕೇಳುವುದಿಲ್ಲ.

ಪರೀಕ್ಷೆಗೆ ಎಂಥ ಚಿತ್ರ ಇಟ್ಟುಕೊಳ್ಳಬೇಕು ಎನ್ನುವುದು ದೊಡ್ಡ ವಿದ್ಯೆ. ನಮ್ಮ ಕಸುಬಿನಲ್ಲಿ ಎಷ್ಟೋ ದಶಕಗಳಿಂದ ಓಡಾಡುವ ಒಂದು ಪರೀಕ್ಷಾಚಿತ್ರ ಮ್ಯಾಂಡ್ರಿಲ್ ಎಂಬ ಕೋತಿಯ ಮುಖ. ಅದರ ಮೂಗು ಕೆಂಪು, ಕೆನ್ನೆ ನೀಲಿ. ಕೋಡು ಹಾಳಾದರೆ ಮೂಗು ನೀಲಿ, ಕೆನ್ನೆ ಕೆಂಪು. ಆಫ್ರಿಕಾದ ಕಾಡಿಗೆ ಹೋಗಿ ಅದನ್ನು ನೋಡಿ ಬಂದವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ. ಎರಡೂ ಚಿತ್ರ ಪಕ್ಕಪಕ್ಕದಲ್ಲಿಟ್ಟು ‘ಯಾವುದು ಸರಿ?’ ಎಂದು ಕೇಳಿದರೆ ಮತ ಎರಡಾಗಿ ಒಡೆಯುತ್ತಿತ್ತು. ಗಿಣಿಯ ಚಿತ್ರವಂತೂ ಬೇಡವೇ ಬೇಡ. ಹಸಿರು ನಡುವಿನವನಾದ್ದರಿಂದ ಗಿಣಿ ಹೇಗೆ ಓದಿದರೂ ಹಸಿರೇ. ಕೊಕ್ಕು ನೀಲಿಯಾದದ್ದು ಗಮನಿಸದೆ ‘ಪಾಸ್’ ಎಂದು ಬರೆದು ಟೀ ಕುಡಿಯಲು ಹೋಗಿಬಿಡುತ್ತಾರೆ.

ನಾನು ಬಳಸುವುದು ಬಾವುಟಗಳನ್ನು. ಕನ್ನಡ ಬಾವುಟದ ಅರಿಶಿನ ತಿಳಿನೀಲಿಯಾಗಿ, ಕುಂಕುಮ ಗಾಢ ನೀಲಿಯಾಗಿ, ರಾಜ್ಯೋತ್ಸವದ ಮೆರವಣಿಗೆ ಯಾವುದೋ ಫುಟ್‌ಬಾಲ್ ಕ್ಲಬ್ಬಿನದಾಗಿಬಿಡುತ್ತದೆ. ರಾಷ್ಟ್ರಧ್ವಜ ಇನ್ನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕಂಪ್ಯೂಟರಿನಲ್ಲಿ ಕೇಸರಿಗೆ ಹದಿನಾರರ ಲೆಕ್ಕದಲ್ಲಿ ಸಾಮಾನ್ಯವಾಗಿ ಬರೆಯುವ ಸಂಖ್ಯೆ ಎಫ್‌ಎಫ್ 99 33. ಹಿಂದುಮುಂದಾದರೆ 33 99 ಎಫ್‌ಎಫ್, ಆಕಾಶನೀಲಿ. ಬಿಳಿ ಬಿಳಿಯೇ, ಹಸಿರು ಹೆಚ್ಚುಕಡಿಮೆ ಹಸಿರೇ, ನಡುವಿನ ನೀಲಿ ಚಕ್ರ ಕಂದುಗೆಂಪು. ಒಂದೇ ಚಿತ್ರದಲ್ಲಿ ಕೆಡುವುದು, ಕೆಡದೆ ಉಳಿಯುವುದು ಎರಡೂ ಇವೆ. ಮೇಲಾಗಿ ಅದರ ಸರಿಯಾದ ಬಣ್ಣ ಯಾವುದು ಎಂದು ಈ ದೇಶದಲ್ಲಿ ಯಾರೂ ವಾದಕ್ಕೆ ನಿಲ್ಲುವುದಿಲ್ಲ. ವಾದವಿಲ್ಲದ ಬಣ್ಣ ಸಿಗುವುದು ಎಷ್ಟು ಕಷ್ಟ ಎನ್ನುವುದು ಸೀರೆ ಅಂಗಡಿಗೆ ಹೋದವರಿಗೆ ಗೊತ್ತು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈ ನೀಲಿ ಮೊದಲು ಎನ್ನುವ ಪದ್ಧತಿಯನ್ನು ಯಾರು ತಂದರು ಎಂದು ಹುಡುಕಿಕೊಂಡು ಹೋದರೆ ಯಾರ ಕುತ್ತಿಗೆ ಹಿಡಿಯುವುದೋ ತಿಳಿಯುವುದಿಲ್ಲ. ವಿಂಡೋಸ್‌ನ ಬಿಎಂಪಿ ಚಿತ್ರದಲ್ಲಿ ನೀಲಿ, ಹಸಿರು, ಕೆಂಪು ಎಂಬ ಕ್ರಮ. ಅದೇ ವಿಂಡೋಸ್‌ನಲ್ಲಿ ಗೆರೆ ಎಳೆಯಲು, ಅಕ್ಷರ ಬರೆಯಲು ಬಣ್ಣ ಹೇಳಬೇಕಾದಾಗ ಬಳಸುವ ಕಲರ್‌ರೆಫ್ ಎಂಬುದರಲ್ಲಿ ಕೆಂಪು ಮೊದಲು. ಒಂದೇ ಮನೆಯಲ್ಲಿ ಎರಡು ಮಡಿ. ಮದುವೆ ಪಂಕ್ತಿಯಲ್ಲಿ ಬಾಳೆಎಲೆಯ ತುದಿ ಎಡಕ್ಕಿರಬೇಕು ಎಂದು ಎಲ್ಲರೂ ಒಪ್ಪಿರುವುದರಿಂದಲೇ ಬಡಿಸುವವನು ತಲೆಯೆತ್ತಿ ನೋಡದೆ ಉಪ್ಪು, ಕೋಸಂಬರಿ, ಪಲ್ಯ ಹಾಕಿಕೊಂಡು ಹೋಗುತ್ತಾನೆ. ಒಂದು ಸಾಲಿನವರು ಎಲೆ ತಿರುಗಿಸಿ ಹಾಕಿಕೊಂಡು ಕೂತರೆ ಉಪ್ಪು ಇರಬೇಕಾದಲ್ಲಿ ಪಾಯಸ ಬೀಳುತ್ತದೆ. ಬಡಿಸುವವನ ತಪ್ಪೂ ಅಲ್ಲ, ಪಾಯಸದ ತಪ್ಪೂ ಅಲ್ಲ. ಪೋರ್ಟ್ ಮಾಡುವವನು ಬಡಿಸುವವನ ಜಾಗದಲ್ಲಿರುತ್ತಾನೆ. ಬೈಗುಳ ಬೀಳುವುದು ಮಾತ್ರ ಅವನಿಗೇ.

ಇದರ ಮೇಲೆ ಇನ್ನೊಂದು ಕಿತಾಪತಿ ಇದೆ. ನಾಲ್ಕು ಬೈಟಿನ ಒಂದು ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡಬೇಕೋ, ಬಿಡಿಸ್ಥಾನದ್ದನ್ನೋ? ಹಳೆಯ ಮ್ಯಾಕ್‌ಗಳ ಪವರ್‌ಪಿಸಿ ಚಿಪ್ಪು ದೊಡ್ಡದನ್ನು ಮೊದಲು ಇಡುತ್ತಿತ್ತು, ಇಂಟೆಲ್ ಚಿಪ್ಪು ಚಿಕ್ಕದನ್ನು. ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರ ಏಪ್ರಿಲ್ 1ರಂದು, ದಿನ ನೋಡಿಕೊಂಡೇ ಇರಬೇಕು, ಈ ಜಗಳದ ಬಗ್ಗೆ ಒಂದು ಲೇಖನ ಬರೆದು ಎರಡು ಪಂಗಡಗಳಿಗೆ ಗಲಿವರನ ಯಾತ್ರೆಯಿಂದ ಹೆಸರು ತಂದುಕೊಟ್ಟ. ಲಿಲಿಪುಟ್ಟಿನ ಜನ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಯುದ್ಧ ಮಾಡುತ್ತಾರಲ್ಲ, ಹಾಗೆ ಬಿಗ್ ಎಂಡಿಯನ್, ಲಿಟಲ್ ಎಂಡಿಯನ್. ಕೋಹೆನ್ ಶಾಂತಿಗಾಗಿ ಬೇಡಿಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋಹೆನ್‌ಗೆ ಕರ್ನಾಟಕ ಸಂಗೀತದ ಪರಿಚಯವಿದ್ದಿದ್ದರೆ ಮೊಟ್ಟೆಯ ತನಕ ಹೋಗಬೇಕಾಗಿರಲಿಲ್ಲ. ನಮ್ಮ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಆ ರಾಗದ ಸಂಖ್ಯೆ ಅಡಗಿದೆ. ಕಟಪಯಾದಿ ಲೆಕ್ಕದಲ್ಲಿ ‘ಮ’ ಐದು, ‘ಚ’ ಆರು. ಮೇಚಕಲ್ಯಾಣಿ 56ನೆಯದಲ್ಲ, 65ನೆಯದು. ‘ಧ’ ಒಂಬತ್ತು, ‘ರ’ ಎರಡು, ಧೀರಶಂಕರಾಭರಣ 29. ಅಂಕಿಗಳು ಎಡಕ್ಕೆ ನಡೆಯುತ್ತವೆ, ಬಿಡಿಸ್ಥಾನ ಮೊದಲು. ಅಪ್ಪಟ ಲಿಟಲ್ ಎಂಡಿಯನ್. ಇಂಟೆಲ್‌ನವರು ಮಾಡಿದ್ದನ್ನು ಕಂಡು ಬೆಚ್ಚಿಬೀಳುವವರು ನಾವಲ್ಲ. ಇದರಲ್ಲೂ ಒಂದು ಗಿಣಿ ಇದೆ: ಖರಹರಪ್ರಿಯ. ‘ಖ’ ಎರಡು, ‘ರ’ ಎರಡು, ಎತ್ತಲಿಂದ ಓದಿದರೂ 22. ಖರಹರಪ್ರಿಯ ಒಂದನ್ನೇ ಹಾಡಿ ಪರೀಕ್ಷೆ ಮುಗಿಸಿದವನಿಗೆ ತನ್ನ ಲೆಕ್ಕ ತಿರುಗುಮುರುಗಾಗಿದೆ ಎಂದು ಗೊತ್ತಾಗುವುದೇ ಇಲ್ಲ.

ಆಪಲ್ ಕಂಪನಿ 2005ರಲ್ಲಿ ತನ್ನ ಮ್ಯಾಕ್‌ಗಳನ್ನು ಪವರ್‌ಪಿಸಿಯಿಂದ ಇಂಟೆಲ್‌ಗೆ ಬದಲಾಯಿಸುತ್ತೇವೆ ಎಂದು ಸಾರಿತು. 2006ರಲ್ಲಿ ಯಂತ್ರಗಳು ಬಂದವು. ಗ್ರಾಫಿಕ್ಸ್ ಕೆಲಸದವರಿಗೆ ಅದೊಂದು ಸುಗ್ಗಿ. ಬಣ್ಣದ ನಾಲ್ಕು ಬೈಟುಗಳು ಪೂರ್ತಿ ಹಿಂದುಮುಂದಾದರೆ ಬರೀ ಕೆಂಪು ನೀಲಿ ಅದಲುಬದಲಾಗುವುದಲ್ಲ. ನಾಲ್ಕನೆಯ ಬೈಟು ಆಲ್ಫಾ, ಅಂದರೆ ಚುಕ್ಕಿ ಎಷ್ಟು ಪಾರದರ್ಶಕ ಎನ್ನುವ ಲೆಕ್ಕ. ಸಾಮಾನ್ಯ ಚಿತ್ರದಲ್ಲಿ ಅದು ಎಲ್ಲ ಕಡೆ 255. ಅದು ಹೋಗಿ ನೀಲಿಯ ಪೀಠದಲ್ಲಿ ಕೂತರೆ ಚಿತ್ರವೆಲ್ಲ ನೀಲಿಯಲ್ಲಿ ಅದ್ದಿ ತೆಗೆದಂತಾಗುತ್ತದೆ. ನೀಲಿ ಹೋಗಿ ಆಲ್ಫಾದ ಪೀಠದಲ್ಲಿ ಕೂತರೆ ಎಲ್ಲಿ ನೀಲಿ ಇರಲಿಲ್ಲವೋ ಅಲ್ಲೆಲ್ಲ ಚಿತ್ರವೇ ಮಾಯ.

ಇದು ಹಳೆಯ ಕಥೆ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಈಗಲೂ ಆಂಡ್ರಾಯ್ಡ್‌ನಲ್ಲಿ ಎಂಟಕ್ಷರದ ಬಣ್ಣ ಬರೆಯುವಾಗ ಆಲ್ಫಾ ಮೊದಲು, ವೆಬ್ಬಿನ ಸಿಎಸ್‌ಎಸ್‌ನಲ್ಲಿ ಆಲ್ಫಾ ಕೊನೆಗೆ. ಆಂಡ್ರಾಯ್ಡ್‌ನ ಗಟ್ಟಿ ಕೆಂಪನ್ನು ಹಾಗೇ ಎತ್ತಿ ವೆಬ್ಬಿಗೆ ಅಂಟಿಸಿದರೆ ಅದು ‘ಪೂರ್ತಿ ಪಾರದರ್ಶಕವಾದ ಹಳದಿ’ ಎಂದಾಗುತ್ತದೆ. ಪೂರ್ತಿ ಪಾರದರ್ಶಕವಾದ ಮೇಲೆ ಹಳದಿಯಾದರೇನು, ಕೆನ್ನೀಲಿಯಾದರೇನು? ವೇದಾಂತಿಗಳಿಗೆ ಬಿಟ್ಟ ಪ್ರಶ್ನೆ. ಬಟನ್ ಮಾತ್ರ ಕಾಣುವುದಿಲ್ಲ.

ಬಗ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದನ್ನು ಸರಿಪಡಿಸುವುದು ಸುಲಭ; ಒಂದೇ ಸಾಲು. ಕೆಂಪು ನೀಲಿಗಳನ್ನು ಅದಲುಬದಲು ಮಾಡಿದರಾಯಿತು. ಆಪತ್ತು ಇರುವುದೇ ಈ ಸುಲಭದಲ್ಲಿ. ಹಳೆಯ ಕೋಡು ತೆರೆದು ನೋಡಿದರೆ ಅಂಥ ಸಾಲುಗಳು ಅಲ್ಲಲ್ಲಿ ಸಿಗುತ್ತವೆ. ಚಿತ್ರ ಓದುವಲ್ಲಿ ಒಂದು, ತೆರೆಗೆ ಕಳಿಸುವಲ್ಲಿ ಒಂದು, ಪ್ರಿಂಟಿಗೆ ಕಳಿಸುವಲ್ಲಿ ಒಂದು, ಕ್ಲಿಪ್‌ಬೋರ್ಡಿಗೆ ಹಾಕುವಲ್ಲಿ ಎರಡು. ಒಂದರ ಪಕ್ಕದಲ್ಲಿ ಯಾವ ಕಾಲದವನೋ ‘ಯಾಕೆಂದು ಗೊತ್ತಿಲ್ಲ, ಆದರೆ ಇದಿಲ್ಲದೆ ನಡೆಯುವುದಿಲ್ಲ, ಮುಟ್ಟಬೇಡಿ’ ಎಂಬ ಅರ್ಥದ ಟಿಪ್ಪಣಿ ಬರೆದಿರುತ್ತಾನೆ. ಯಾರೋ ಒಬ್ಬ ಮೂಲದಲ್ಲಿ ತಪ್ಪು ಓದಿದ್ದಾನೆ. ಇನ್ನೊಬ್ಬನಿಗೆ ತೆರೆಯಲ್ಲಿ ನೀಲಿ ಮುಖ ಕಂಡು, ಅವನು ತೆರೆಯ ಬಳಿ ತಿರುಗಿಸಿದ್ದಾನೆ. ಎರಡು ತಪ್ಪು ಕೂಡಿ ಒಂದು ಸರಿಯಾಗಿ, ಹತ್ತು ವರ್ಷ ಸಂಸಾರ ನಡೆಸಿವೆ. ಆಮೇಲೆ ಕುಂದಾಪುರದಿಂದ ಶುದ್ಧಮನಸ್ಸಿನ ಒಬ್ಬ ಹುಡುಗ ಕೆಲಸಕ್ಕೆ ಸೇರುತ್ತಾನೆ, ಮೂಲದ ತಪ್ಪನ್ನು ಕಂಡುಹಿಡಿದು ತಿದ್ದುತ್ತಾನೆ, ಮಧ್ಯಾಹ್ನದ ಹೊತ್ತಿಗೆ ಇಡೀ ಜಗತ್ತು ನೀಲಿಯಾಗುತ್ತದೆ.

‘ಎಂಥ ಸಾವು ಮಾರಾಯ್ರೆ! ಸರಿ ಮಾಡಿದ್ರೆ ತಪ್ಪಾಗ್ತದೆ, ತಪ್ಪು ಬಿಟ್ರೆ ಸರಿ ಇರ್ತದೆ’ ಎಂದ ಅವನು, ಕುರ್ಚಿ ಹಿಂದಕ್ಕೆ ತಳ್ಳಿ.

‘ಹಾಗಿದ್ರೆ ಹಿಂದಿನ ಹಾಗೇ ಇಟ್ಟುಬಿಡಪ್ಪ, ನಾಳೆ ರಿಲೀಸ್ ಇದೆ’ ಎಂದರು ಪಕ್ಕದ ಸೀಟಿನ ಹಿರಿಯರು.

‘ಮತ್ತೆ ಆ ತಪ್ಪು?’

‘ಅದು ತಪ್ಪಲ್ಲ. ಸಂಪ್ರದಾಯ.’

ಹುಡುಗ ಅಂದು ರಾತ್ರಿ ಕೂತು ಐದೂ ಸಾಲುಗಳನ್ನು ಕಿತ್ತುಹಾಕಿ, ಒಳಗೆ ಎಲ್ಲ ಕಡೆ ಒಂದೇ ಕ್ರಮ, ಬಾಗಿಲಲ್ಲಿ ಮಾತ್ರ ಆಯಾ ಯಂತ್ರಕ್ಕೆ ಬೇಕಾದ ಹಾಗೆ ತಿರುಗಿಸುವುದು ಎಂದು ಹೊಸದಾಗಿ ಬರೆದ. ನನ್ನನ್ನು ಕೇಳಿದರೆ ಬಣ್ಣದ ಬಗ್‌ಗಳಿಗೆ ಇರುವ ಔಷಧ ಇದೊಂದೇ: ಎಲ್ಲಿ ಕೆಟ್ಟದ್ದು ಕಾಣುತ್ತದೋ ಅಲ್ಲಿ ತಿದ್ದಬಾರದು, ಎಲ್ಲಿ ಮಾತು ತಪ್ಪಿತೋ ಅಲ್ಲಿಯವರೆಗೆ ನಡೆದುಕೊಂಡು ಹೋಗಬೇಕು. ಹಿರಿಯರು ಮರುದಿನ ಬಂದು ನೋಡಿ ಏನೂ ಅನ್ನಲಿಲ್ಲ. ಟಿಪ್ಪಣಿ ಬರೆದ ಆ ‘ಯಾವ ಕಾಲದವನು’ ಅವರೇ ಎಂಬ ಗುಮಾನಿ ನಮಗೆಲ್ಲ ಇದೆ.

ಅಂಚುಗಳದ್ದು ಬೇರೆ ರಗಳೆ. ಮಲ್ಲಿಗೆ ಹೂವಿನ ಫೋಟೋದಿಂದ ಹೂವನ್ನಷ್ಟೇ ಕತ್ತರಿಸಿ ಬೇರೆ ಹಿನ್ನೆಲೆಗೆ ಅಂಟಿಸುತ್ತೀರಿ. ವಿಂಡೋಸ್‌ನಲ್ಲಿ ಚೆನ್ನಾಗಿ ಕಾಣುವ ಹೂವಿಗೆ ಮ್ಯಾಕ್‌ನಲ್ಲಿ ಎಸಳಿನ ಸುತ್ತ ಕೂದಲೆಳೆಯಷ್ಟು ಕಪ್ಪು ಅಂಚು. ತೀರಾ ಹತ್ತಿರ ಹೋಗಿ ನೋಡಿದರೆ ಅಂಚಿನ ಚುಕ್ಕಿಗಳು ಅರ್ಧ ಪಾರದರ್ಶಕ. ಅರ್ಧ ಪಾರದರ್ಶಕ ಬಿಳಿಯನ್ನು 255 ಎಂದೇ ಬರೆದಿಟ್ಟು ಆಲ್ಫಾ ಬೇರೆ ಇಡುವವರು ಕೆಲವರು. ಆ ಅರ್ಧದಿಂದ ಮೊದಲೇ ಗುಣಿಸಿ 128 ಎಂದು ಬರೆದಿಡುವವರು ಕೆಲವರು. ಪೋರ್ಟರ್ ಮತ್ತು ಡಫ್ ಎಂಬಿಬ್ಬರು 1984ರಲ್ಲಿ ಬರೆದ ಪ್ರಬಂಧದಲ್ಲಿ, ಮೊದಲೇ ಗುಣಿಸಿಡುವುದು ಜಾಣತನ ಎಂದು ತೋರಿಸಿಕೊಟ್ಟಿದ್ದಾರೆ. ಒಬ್ಬ ಗುಣಿಸಿದ್ದನ್ನು ಇನ್ನೊಬ್ಬ ಮತ್ತೆ ಗುಣಿಸಿದರೆ 128 ಹೋಗಿ 64 ಆಗುತ್ತದೆ. ಆ ಕಪ್ಪು ಅಂಚೇ ಈ ಎರಡನೆಯ ಗುಣಾಕಾರ. ವಿಂಡೋಸ್‌ನ ಜಿಡಿಐ ಎಂಬ ಹಳೆಯ ಚಿತ್ರ ಬಿಡಿಸುವ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ: ಅದು ಹುಟ್ಟಿದಾಗ ಅದರಲ್ಲಿ ಆಲ್ಫಾಕ್ಕೆ ಜಾಗವೇ ಇರಲಿಲ್ಲವಾದ್ದರಿಂದ, ಅಕ್ಷರ ಬರೆಯುವಾಗ ಆ ಬೈಟಿನಲ್ಲಿ ಸೊನ್ನೆ ಬಿಟ್ಟುಹೋಗುತ್ತದೆ. ಪಾರದರ್ಶಕ ಕಿಟಕಿಯ ಮೇಲೆ ಬರೆದ ಅಕ್ಷರಗಳು ಅಕ್ಷರದಾಕಾರದ ತೂತುಗಳಾಗಿ, ಅವುಗಳ ಮೂಲಕ ಹಿಂದಿನ ವಾಲ್‌ಪೇಪರ್ ಇಣುಕುತ್ತದೆ.

ಇಲ್ಲಿಯವರೆಗಿನವು ಒರಟು ರೋಗಗಳು, ನೋಡಿದ ಕೂಡಲೇ ಗೊತ್ತಾಗುತ್ತವೆ. ನಿದ್ದೆಗೆಡಿಸುವುದು ಗಾಮಾ. ‘ಸ್ವಲ್ಪ ಡಲ್ ಆಗಿದೆ ಅನ್ಸುತ್ತೆ’ ಎಂದು ಟೆಸ್ಟಿಂಗ್‌ನವರು ಬರೆಯುತ್ತಾರೆ. ‘ಅನ್ಸುತ್ತೆ’ ಎಂಬ ಮಾತನ್ನು ಡೀಬಗ್ ಮಾಡುವುದು ಹೇಗೆ? 0 ಕಪ್ಪು, 255 ಬಿಳಿ, 128 ನಡುವೆ. ಹಾಗಾದರೆ 128 ಅಂದರೆ ಅರ್ಧ ಬೆಳಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಅಲ್ಲ. ಇಂದಿನ ಸಾಮಾನ್ಯ ತೆರೆಯ ಮೇಲೆ ಅದು ಪೂರ್ಣ ಬೆಳಕಿನ ಸುಮಾರು ಶೇಕಡ 22 ಮಾತ್ರ. ಅರ್ಧ ಬೆಳಕು ಬೇಕಾದರೆ 188 ಬರೆಯಬೇಕು. ಹಳೆಯ ಕಾಲದ ಗಾಜಿನ ಟ್ಯೂಬಿನ ಮಾನಿಟರುಗಳು ವಿದ್ಯುತ್ತಿಗೆ ತಕ್ಕಂತೆ ನೇರವಾಗಿ ಬೆಳಗುತ್ತಿರಲಿಲ್ಲ, ಬಳುಕಿ ಬೆಳಗುತ್ತಿದ್ದವು. ಆ ಬಳುಕಿನ ಅಳತೆಯೇ ಗಾಮಾ. ನಮ್ಮ ಕಣ್ಣೂ ಕತ್ತಲೆಯ ಕಡೆಯ ವ್ಯತ್ಯಾಸಗಳನ್ನೇ ಹೆಚ್ಚು ಸೂಕ್ಷ್ಮವಾಗಿ ನೋಡುತ್ತದೆ, ಹಾಗಾಗಿ ಆ ಬಳುಕು ಅನುಕೂಲವೇ ಆಯಿತು. ಟ್ಯೂಬುಗಳು ಗುಜರಿಗೆ ಹೋದವು, ಬಳುಕು ಉಳಿಯಿತು.

ಎಷ್ಟು ಬಳುಕಬೇಕು ಎಂಬುದರಲ್ಲೂ ಒಮ್ಮತವಿರಲಿಲ್ಲ. ಮುದ್ರಣಕ್ಕೆ ಹೊಂದಲಿ ಎಂದು ಮ್ಯಾಕ್ 1.8 ಎಂಬ ಲೆಕ್ಕ ಇಟ್ಟುಕೊಂಡಿತ್ತು, ವಿಂಡೋಸ್ ಲೋಕದಲ್ಲಿ 2.2. ಮ್ಯಾಕ್‌ನಲ್ಲಿ ಕೂತು ಹದವಾಗಿ ಮಾಡಿದ ಚಿತ್ರ ವಿಂಡೋಸ್‌ನಲ್ಲಿ ಕಪ್ಪಿಟ್ಟಂತೆ ಕಾಣುತ್ತಿತ್ತು. ವಿಂಡೋಸ್‌ನದು ಮ್ಯಾಕ್‌ನಲ್ಲಿ ತೊಳೆದು ಒಣಗಿಸಿದಂತೆ. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ 1996ರಲ್ಲಿ ಎಸ್‌ಆರ್‌ಜಿಬಿ ಎಂಬ ರಾಜಿಸೂತ್ರ ಮುಂದಿಟ್ಟವು, 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಮ್ಯಾಕ್ 2.2ಕ್ಕೆ ಬಂದು ಸೇರಿದ್ದು 2009ರಲ್ಲಿ. ಆ ಹೊತ್ತಿಗೆ ಇನ್ನೂ ಹೆಚ್ಚು ಕಡುಬಣ್ಣ ತೋರಿಸಬಲ್ಲ ತೆರೆಗಳು ಬರತೊಡಗಿದ್ದವು. ಅಂಥವುಗಳ ಮೇಲೆ ಹಳೆಯ ಫೋಟೋವನ್ನು ಏನೂ ವಿಚಾರಿಸದೆ ತೋರಿಸಿದರೆ ಸಾಧಾರಣ ಕೆಂಪು ಕಣ್ಣು ಕುಕ್ಕುವ ಕೆಂಪಾಗುತ್ತದೆ. ಜನರಿಗೆ ಅದೇ ಇಷ್ಟವಾದದ್ದರಿಂದ ಬಗ್ ಎಂದು ಯಾರೂ ಬರೆಯಲಿಲ್ಲ. ‘ಹೊಸ ಫೋನು, ಏನು ಕಲರ್ರೀ!’ ಎಂದರು.

ಈಗ ಸೀರೆ. ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಗುಡ್ಡೆ ಹಾಕಿದ ಸೀರೆಗಳಲ್ಲಿ ಒಂದನ್ನು ಎತ್ತಿಕೊಂಡು ನಮ್ಮಮ್ಮ ಬಾಗಿಲ ಬಳಿ ಹೋಗಿ, ರಸ್ತೆಯ ಬಿಸಿಲಿಗೆ ಸೆರಗು ಹಿಡಿದು ನೋಡುತ್ತಾರೆ. ಅಂಗಡಿಯವನ ಹುಡುಗ ಸೀರೆಯ ಇನ್ನೊಂದು ತುದಿ ಹಿಡಿದು ಹಿಂದೆಯೇ ಓಡುತ್ತಾನೆ. ಒಳಗೆ ಒಂದೇ ಎಂದು ಕಂಡ ಸೀರೆ ಮತ್ತು ಕುಪ್ಪಸದ ಬಟ್ಟೆ ಹೊರಗೆ ಬೇರೆ ಬೇರೆ. ವಿಜ್ಞಾನದವರು ಇದನ್ನು ಮೆಟಮೆರಿಸಂ ಎಂದು ಕರೆದು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ. ಅಮ್ಮ ಯಾವುದನ್ನೂ ಓದಿಲ್ಲ, ಯಾವತ್ತೂ ಮೋಸಹೋಗಿಲ್ಲ. ಅವರಿಗೆ ನಾನು ಬಣ್ಣಗಳನ್ನು ಮೂರಂಕಿಯಲ್ಲಿ ಹೇಳುತ್ತೇವೆ ಎಂದು ವಿವರಿಸಿದಾಗ ಕೇಳಿದರು, ‘ನವಿಲು ಕತ್ತಿನ ಬಣ್ಣಕ್ಕೆ ಎಷ್ಟೋ?’ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ರೇಷ್ಮೆ ಅದು. ಹೀಗೆ ಹಿಡಿದರೆ ನೀಲಿ, ಹಾಗೆ ಹಿಡಿದರೆ ಹಸಿರು. ಮೂರಂಕಿಗೆ ಸಿಕ್ಕುವ ಬಣ್ಣವಲ್ಲ. ಎಂ.ಎಸ್. ಬ್ಲೂ ಎಂದರೆ ಯಾವ ನೀಲಿ ಎಂದು ಮಲ್ಲೇಶ್ವರದಲ್ಲಿ ಮೂರು ಅಂಗಡಿ ಕೇಳಿದರೆ ಮೂರು ನೀಲಿ ಹರಡುತ್ತಾರೆ. ಮೂವರೂ ಸುಬ್ಬುಲಕ್ಷ್ಮಿಯವರ ಆಣೆ ಹಾಕಿ ತಮ್ಮದೇ ಅಸಲಿ ಎನ್ನುತ್ತಾರೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಸೀರೆ ಮಾರುವವರು ‘ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು’ ಎಂದು ಮೊದಲೇ ಬರೆದುಬಿಡುತ್ತಾರೆ. ನಮ್ಮ ಸಾಫ್ಟ್‌ವೇರಿನ ಪೆಟ್ಟಿಗೆಯ ಮೇಲೂ ಅಷ್ಟೇ ಬರೆದಿದ್ದರೆ ನನ್ನ ಅರ್ಧ ಆಯುಷ್ಯ ಉಳಿಯುತ್ತಿತ್ತು.

ಸರಿಯಾದ ಬಣ್ಣ ಯಾವುದೆಂದು ನೋಡಿದವರು ಯಾರೂ ಇಲ್ಲದ ಕಡೆ ಏನು ಮಾಡುವುದು? 1976ರ ಜುಲೈ 20ರಂದು ವೈಕಿಂಗ್ 1 ಮಂಗಳ ಗ್ರಹದ ಮೇಲೆ ಇಳಿಯಿತು. ಮರುದಿನ ಮೊದಲ ಬಣ್ಣದ ಚಿತ್ರ ಬಂತು. ಕೆಂಪು ನೆಲ, ಮೇಲೆ ತಿಳಿನೀಲಿ ಆಕಾಶ. ಬಳ್ಳಾರಿಯ ಕಡೆ ಬೇಸಿಗೆಯಲ್ಲಿ ಬಸ್ಸಿನಿಂದ ಕಾಣುವಂಥ ದೃಶ್ಯ. ಎಲ್ಲರಿಗೂ ಖುಷಿಯಾಯಿತು. ಆಮೇಲೆ ಲೆಕ್ಕ ಸರಿಮಾಡಿ ನೋಡಿದರೆ ಆಕಾಶ ನೀಲಿಯೇ ಅಲ್ಲ, ಧೂಳು ತುಂಬಿದ ನಸುಗುಲಾಬಿ. ತಿದ್ದುಪಡಿ ಹೇಳಿದಾಗ ಪತ್ರಕರ್ತರು ಗೊಣಗಿದರಂತೆ. ಅಲ್ಲಿನ ಆಕಾಶ ನಮ್ಮ ಊರಿನ ಹಾಗೇ ಇರಬೇಕೆಂದು ಎಲ್ಲರ ಆಸೆ. ಅಂಕಿಗಳನ್ನು ಬಣ್ಣಕ್ಕೆ ತಿರುಗಿಸುವವರ ಕೈಯೂ ತಿಳಿಯದೇ ಆ ಕಡೆಗೇ ವಾಲಿತ್ತು.

ಇಂಥದ್ದಕ್ಕೆಂದೇ ನೌಕೆಗಳ ಮೈಮೇಲೆ ಗೊತ್ತಿರುವ ಬಣ್ಣದ ಫಲಕಗಳನ್ನು ಅಂಟಿಸಿ ಕಳಿಸುತ್ತಾರೆ. 2004ರ ಸ್ಪಿರಿಟ್ ರೋವರ್‌ನಲ್ಲಿ ಅದು ಒಂದು ಪುಟ್ಟ ನೆರಳುಗಡಿಯಾರ, ನಾಲ್ಕು ಮೂಲೆಗೆ ನಾಲ್ಕು ಬಣ್ಣ. ಅದರ ಚಿತ್ರ ಬಂದಾಗ ನೀಲಿ ತುಂಡು ಗುಲಾಬಿಯಾಗಿ ಕಂಡು ಅನೇಕರು ಸಂಚಿನ ವಾಸನೆ ಹಿಡಿದರು. ಸಂಗತಿ ಇಷ್ಟೇ: ಆ ಚಿತ್ರಕ್ಕೆ ಕೆಂಪಿನ ಬದಲು, ಕೆಂಪಿಗಿಂತ ಆಚೆಗೆ, ನಮ್ಮ ಕಣ್ಣಿಗೆ ಕಾಣದ ಬೆಳಕಿನ ಕಡೆಯ ಫಿಲ್ಟರ್ ಬಳಸಿದ್ದರು. ಆ ನೀಲಿ ಬಣ್ಣ ಆ ಬೆಳಕನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ಕೆಂಪಿನ ಪೀಠದಲ್ಲಿ ಕೆಂಪಲ್ಲದ್ದು ಕೂತಿತ್ತು. ಕೋಟ್ಯಂತರ ಕಿಲೋಮೀಟರ್ ದೂರ ಹೋದರೂ ರೋಗ ನಮ್ಮ ಆಫೀಸಿನದೇ.

ಮಂಗಳಕ್ಕಿಂತ ಹತ್ತಿರದಲ್ಲಿ ನಮ್ಮ ಮನೆಗಳಲ್ಲೇ ಇನ್ನೂ ಧೈರ್ಯದ ಪ್ರಯೋಗ ನಡೆದಿತ್ತು. ಕಪ್ಪುಬಿಳುಪು ಟಿವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟುತ್ತಿದ್ದರಲ್ಲ! ಮೇಲೆ ನೀಲಿ, ಕೆಳಗೆ ಹಸಿರು, ನಡುವೆ ಇನ್ನೇನೋ. ಗದ್ದೆ, ಆಕಾಶ ಬಂದಾಗ ಪವಾಡ. ಮುಖ ಹತ್ತಿರ ಬಂದರೆ ಹಣೆ ನೀಲಿ, ಗದ್ದ ಹಸಿರು. ಯಾರೂ ದೂರಲಿಲ್ಲ. 1982ರ ಆಗಸ್ಟ್ 15ರಂದು ದೂರದರ್ಶನ ಬಣ್ಣಕ್ಕೆ ಬಂತು, ನವೆಂಬರಿನ ಏಷ್ಯನ್ ಕ್ರೀಡಾಕೂಟ ಬಣ್ಣದಲ್ಲೇ. ನಮಗೆ ಸಿಕ್ಕಿದ್ದು ಜರ್ಮನಿಯಲ್ಲಿ ವಾಲ್ಟರ್ ಬ್ರೂಕ್ ರೂಪಿಸಿದ ಪಾಲ್ ಪದ್ಧತಿ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ದಾರಿಯಲ್ಲಿ ಸಿಗ್ನಲ್ ಸ್ವಲ್ಪ ಜಾರಿದರೂ ಮುಖ ಹಸಿರಿಗೋ ನೇರಳೆಗೋ ವಾಲುತ್ತಿತ್ತು. ಅಲ್ಲಿನ ಇಂಜಿನಿಯರುಗಳೇ ಆ ನಾಲ್ಕಕ್ಷರವನ್ನು ‘ಒಂದೇ ಬಣ್ಣ ಎರಡು ಸಲ ಇಲ್ಲ’ ಎಂದು ಬಿಡಿಸುತ್ತಿದ್ದರು. ಪಾಲ್‌ನಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಗೆ ಬಣ್ಣದ ಒಂದು ಭಾಗವನ್ನು ತಿರುಗಿಸಿ ಕಳಿಸುತ್ತಿದ್ದರು. ಒಂದು ಗೆರೆಯಲ್ಲಿ ಆದ ತಪ್ಪು ಮುಂದಿನ ಗೆರೆಯಲ್ಲಿ ಎದುರು ದಿಕ್ಕಿಗೆ ಬಂದು, ಎರಡೂ ಕೂಡಿ ಬಣ್ಣ ಸ್ವಲ್ಪ ಪೇಲವವಾಗುತ್ತಿತ್ತೇ ಹೊರತು ಬೇರೆಯಾಗುತ್ತಿರಲಿಲ್ಲ. ಎರಡು ತಪ್ಪು ಕೂಡಿ ಸರಿಯಾಗುವುದನ್ನು ಕಾಕತಾಳೀಯಕ್ಕೆ ಬಿಡದೆ ಯೋಜನೆ ಹಾಕಿ ಮಾಡಿದ ಈ ಮಹಾನುಭಾವನ ಫೋಟೋವನ್ನು ನಮ್ಮ ಹಿರಿಯ ಸಹೋದ್ಯೋಗಿ ಮೇಜಿನ ಮೇಲೆ ಇಟ್ಟುಕೊಳ್ಳಬೇಕಿತ್ತು.

ಕೊನೆಗೆ, ಬಣ್ಣ ಸರಿಯಿಲ್ಲ ಎಂದು ದೂರು ಬರೆಯುವವರ ಬಗ್ಗೆ. ಅವರು ಪಾಪ ಸಾಕ್ಷಿಗೆಂದು ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಸ್ಕ್ರೀನ್‌ಶಾಟ್‌ನಲ್ಲಿ ಇರುವುದು ಅಂಕಿಗಳು, ಅವರ ತೆರೆಯ ಬೆಳಕಲ್ಲ. ನಮ್ಮ ತೆರೆಯ ಮೇಲೆ ತೆಗೆದರೆ ಎಲ್ಲ ಸರಿಯಾಗಿ ಕಾಣುತ್ತದೆ. ‘ಇಲ್ಲಿ ಚೆನ್ನಾಗಿದೆಯಲ್ಲ’ ಎಂದು ನಾವು ಉತ್ತರಿಸಿದರೆ ಅವರಿಗೆ ಕೋಪ. ಮೊಬೈಲಿನಲ್ಲಿ ತಮ್ಮ ಮಾನಿಟರಿನದೇ ಫೋಟೋ ತೆಗೆದು ಕಳಿಸುತ್ತಾರೆ. ಮೊಬೈಲ್ ಬಹಳ ಬುದ್ಧಿವಂತ. ದೃಶ್ಯ ಹಳದಿಗಟ್ಟಿದೆ ಎಂದು ತಾನೇ ಅರಿತು, ತಾನೇ ಸರಿಪಡಿಸಿ, ಶುಭ್ರವಾದ ಚಿತ್ರ ತೆಗೆದುಕೊಡುತ್ತದೆ. ಅಲ್ಲೂ ಬಗ್ ಕಾಣೆ. ಒಬ್ಬ ಗ್ರಾಹಕರ ದೂರುಗಳು ಹೀಗೆ ತಿಂಗಳುಗಟ್ಟಲೆ ಬಂದವು: ಬಿಳಿ ಹಿನ್ನೆಲೆ ಕೆನೆ ಬಣ್ಣಕ್ಕೆ ತಿರುಗುತ್ತದೆ, ನೀಲಿ ಮಂಕಾಗುತ್ತದೆ, ಬೆಳಿಗ್ಗೆ ಹೊತ್ತಿಗೆ ತಾನೇ ಸರಿಹೋಗಿರುತ್ತದೆ. ಬಣ್ಣದ ಕೋಡನ್ನೆಲ್ಲ ಜಾಲಾಡಿದೆವು. ಕುಂದಾಪುರದ ಹುಡುಗ ದೂರುಗಳ ವೇಳೆಯನ್ನು ಬರೆದು ನೋಡಿದ. ಎಲ್ಲವೂ ಸಂಜೆ ಕಳೆದ ಮೇಲೆ ಬಂದವು. ಕಣ್ಣಿಗೆ ಹಿತವಾಗಲೆಂದು ಸೂರ್ಯ ಮುಳುಗಿದ ಕೂಡಲೇ ತೆರೆಯ ನೀಲಿಯನ್ನು ಇಳಿಸಿ ಹಳದಿಗೊಳಿಸುವ ನೈಟ್ ಲೈಟ್ ಅವರ ಕಂಪ್ಯೂಟರಿನಲ್ಲಿ ಆನ್ ಆಗಿತ್ತು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಯಾವುದೇ ಸಾಫ್ಟ್‌ವೇರಿನಲ್ಲಿ ಬಣ್ಣ ಕೆಟ್ಟಿದೆ ಅನಿಸಿದರೆ ಮೊದಲು ನೈಟ್ ಲೈಟ್ ಆಫ್ ಮಾಡಿ. ಆಮೇಲೂ ಕೆಟ್ಟಿದ್ದರೆ ‘ಡಲ್ ಆಗಿದೆ’ ಎಂದು ಬರೆಯಬೇಡಿ. ಯಾವ ವಸ್ತು, ಯಾವ ಬಣ್ಣದ್ದು, ಯಾವ ಬಣ್ಣವಾಗಿ ಕಾಣುತ್ತಿದೆ ಎಂದು ಬರೆಯಿರಿ. ಮುಖ ನೀಲಿಯಾಗಿದ್ದರೆ ಮಾತ್ರ ಏನೂ ವಿವರಿಸಬೇಕಿಲ್ಲ. ಹೆಸರು ಹೇಳಿದರೆ ಸಾಕು.